ಚಳಿ ಇಳಿಯುವ ಮುಂಚೆ ಬೇಸಿಗೆ ಸೊಪ್ಪಿಗೆ ತಯಾರಿ

ಸೊಗಡಿನ ಅವರೆಕಾಯಿ ಸಿಗುವುದು ಕಡಿಮೆಯಾಗಿ, ಹೊಂಗೆ ಮರ ಎಲೆ ಉದುರಿಸಲು ಶುರು ಮಾಡಿತು ಅಂದರೆ ಬೆಂಗಳೂರಿನ ಸುತ್ತಮುತ್ತ ಸೊಪ್ಪು ಬೆಳೆಯುವವರಿಗೆ ಕೆಲಸ ಡಬಲ್. ಬೆಳಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ತಲೆಗೆ ಟವೆಲ್ ಬೇಕು. ಜನವರಿಯಲ್ಲಿ ರಾತ್ರಿ 15–16 ಡಿಗ್ರಿಗೆ ಇಳಿಯುವ ಊರು ಮಾರ್ಚ್ ಹೊತ್ತಿಗೆ ಹಗಲಲ್ಲಿ 33 ಮುಟ್ಟುತ್ತದೆ. ಮಳೆ ಲೆಕ್ಕಕ್ಕೇ ಇಲ್ಲ. ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಚಳಿಯ ಬೆಳೆಯನ್ನು ವಾರವಾರ ಸ್ವಲ್ಪ ಕಡಿಮೆ ಮಾಡುತ್ತಾ, ಬೇಸಿಗೆಯ ಬೆಳೆಯನ್ನು ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗಬೇಕು. ಇಡೀ ಹೊಲವನ್ನು ಒಂದೇ ದಿನ ಬಿತ್ತುವವರು ಕೈ ಸುಟ್ಟುಕೊಳ್ಳುವುದು ಇದೇ ಕಾಲದಲ್ಲಿ.

ಹತ್ತು ಗುಂಟೆ ಜಾಗ, ಒಂದು ಬೋರ್‌ವೆಲ್, ಮನೆಯವರೇ ಇಬ್ಬರು ಕೆಲಸಕ್ಕೆ. ಇಷ್ಟು ಇದೆ ಎಂದುಕೊಂಡು ಮುಂದಿನದನ್ನು ಓದಿ.

ಮೊದಲು ನೀರು

ಬೀಜ ತರುವ ಮುಂಚೆ ಮೋಟರ್ ಹಾಕಿ, ಎಷ್ಟು ಹೊತ್ತು ಒಂದೇ ಸಮನೆ ನೀರು ಬರುತ್ತದೆ ನೋಡಿ. ಏಪ್ರಿಲ್‌ನಲ್ಲಿ ಅದರ ಅರ್ಧ ಬಂದರೆ ಎಷ್ಟು ಮಡಿ ಸಾಕಬಹುದು? ಅಷ್ಟಕ್ಕೇ ಯೋಜನೆ ಹಾಕಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್‌ಗೆ ಕಾದಿದ್ದು ನೆನಪಿದೆ ಅಲ್ವಾ? ನೀರು ಸಾಲದು ಅಂತ ಊರಿನ ಕೊಳಚೆ ಹರಿಯುವ ರಾಜಕಾಲುವೆಗೆ ಪೈಪ್ ಇಳಿಸುವುದು ಮಾತ್ರ ಬೇಡ. 'ಯಾವ ನೀರಲ್ಲಿ ಬೆಳೆದಿದ್ದು?' ಎಂದು ಗಿರಾಕಿಗಳು ಸೊಪ್ಪು ಮೂಸಿ ಕೇಳುವ ಊರು ಇದು. ಕೇಳುವುದರಲ್ಲಿ ತಪ್ಪೂ ಇಲ್ಲ.

ಮಡಿ

ಮಳೆಗಾಲದಲ್ಲಿ ಮಾಡಿದ ಏರುಮಡಿ ಈಗ ಬೇಗ ಒಣಗುತ್ತದೆ. ಅದನ್ನು ಎಳೆದು ನೆಲಮಟ್ಟಕ್ಕೆ ತಂದು, ಸುತ್ತ ಸಣ್ಣ ಬದು ಕಟ್ಟಿ ಪಾತಿ ಮಾಡಿ. ಅಗಲ ಮೂರರಿಂದ ನಾಲ್ಕು ಅಡಿ ಇರಲಿ. ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ ಒಂದಿಷ್ಟು ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ಸಾಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳ ಕರೆದು ಕೂರಿಸಿದ ಹಾಗೆ. ಉದುರಿದ ಹೊಂಗೆ ಎಲೆಗೆ ಬೆಂಕಿ ಇಡಬೇಡಿ, ಗುಡಿಸಿ ಒಂದು ಮೂಲೆಗೆ ಹಾಕಿ. ಮಾರ್ಚ್‌ನಲ್ಲಿ ಬದನೆ, ಮೆಣಸಿನ ಬುಡಕ್ಕೆ ಮುಚ್ಚಿಗೆಯಾಗಿ ಬೇಕಾಗುತ್ತದೆ.

ಬಿತ್ತನೆ

ಮೆಂತ್ಯ, ಸಬ್ಬಸಿಗೆ, ಪಾಲಕ್, ಕೊತ್ತಂಬರಿಗೆ ಚಳಿ ಇಷ್ಟ. ದಂಟು, ಕೀರೆ, ಬಸಳೆಗೆ ಬಿಸಿಲು ಇಷ್ಟ. ಜನವರಿಯಲ್ಲಿ ಹತ್ತು ಪಾತಿಯಲ್ಲಿ ಏಳು ಮೊದಲ ಗುಂಪಿಗೆ, ಮೂರು ಎರಡನೆಯದಕ್ಕೆ ಬಿಟ್ಟರೆ ಫೆಬ್ರವರಿ ಕೊನೆಗೆ ಲೆಕ್ಕ ತಿರುಗುಮುರುಗಾಗಬೇಕು. ವಾರಕ್ಕೆ ಎರಡೇ ಪಾತಿ ಬಿತ್ತಿ. ಆಗ ವಾರವಾರವೂ ಕೀಳಲು ಸೊಪ್ಪು ಇರುತ್ತದೆ, ಒಂದು ಪಾತಿ ಕೆಟ್ಟರೂ ತಲೆ ಮೇಲೆ ಕೈ ಹೊತ್ತು ಕೂರಬೇಕಿಲ್ಲ.

ಕೊತ್ತಂಬರಿ ಬೀಜವನ್ನು ಗೋಣಿ ಮೇಲೆ ಹರಡಿ, ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಹಾಕಿ. ಆದರೂ ಮೊಳೆಯಲು ಎಂಟು–ಹತ್ತು ದಿನ ಬೇಕು. ಚಳಿ ಜಾಸ್ತಿ ಇದ್ದರೆ ಇನ್ನೂ ತಡ. ಸುಮ್ನೆ ಕೆದಕಿ ನೋಡಬೇಡಿ. ದಂಟಿನ ಬೀಜ ತುಂಬಾ ಸಣ್ಣದು. ನಾಲ್ಕೈದು ಪಟ್ಟು ಮರಳಿಗೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಗೊಬ್ಬರ ಉದುರಿಸಿ. ಬೀಜ ಹೊರುವ ಇರುವೆಗೆ ಪಾತಿಯ ಅಂಚಿನಲ್ಲಿ ಒಂದು ಹಿಡಿ ಅಕ್ಕಿ ನುಚ್ಚು ಚೆಲ್ಲುವವರಿದ್ದಾರೆ, ಖರ್ಚಿಲ್ಲದ ಉಪಾಯ.

ತಳಿ ಯಾವುದು ಅಂದರೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜ ನಮ್ಮ ಮನೆ ಬಾಗಿಲಲ್ಲೇ ಇದೆ. ಕೊಯ್ದಷ್ಟೂ ಚಿಗುರುವ ದಂಟಿನ ಸೊಪ್ಪಿಗೆ ಅರ್ಕಾ ಸುಗುಣ, ಕೆಂಪು ಬೇಕಿದ್ದರೆ ಅರ್ಕಾ ಅರುಣಿಮಾ. ಕೊತ್ತಂಬರಿಯಲ್ಲಿ ಅರ್ಕಾ ಇಶಾ. ಇದನ್ನೂ ಮತ್ತೆ ಮತ್ತೆ ಕೊಯ್ಯಬಹುದು.

ಟ್ರೇ ಸಸಿ

ಸೊಪ್ಪು ದಿನದ ಖರ್ಚು ಕೊಡುತ್ತದೆ. ನಾಲ್ಕು ಕಾಸು ಉಳಿಯುವುದು ಸಸಿಯಲ್ಲಿ. ಫೆಬ್ರವರಿಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿಗೆ ತೋಟದವರೂ ಬರುತ್ತಾರೆ, ತಾರಸಿ ಮೇಲೆ ಕುಂಡ ಇಟ್ಟವರೂ ಬರುತ್ತಾರೆ.

98 ಗುಳಿಯ ಪ್ರೋಟ್ರೇ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆ, ತಗೊಳ್ಳಿ. ಹಳೆಯದಾದರೆ ತೊಳೆದು ಬಿಸಿಲಿಗೆ ಒಣಗಿಸಿ. ಗುಳಿಗೆ ತುಂಬುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತೊಳೆದು ಉಪ್ಪು ತೆಗೆದದ್ದೇ ಆಗಿರಬೇಕು, ಇಲ್ಲದಿದ್ದರೆ ಎಲೆಯ ಅಂಚು ಸುಡುತ್ತದೆ. ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ: ಬೆರಳ ಸಂದಿಯಲ್ಲಿ ನೀರು ಜಿನುಗಬೇಕು, ಸುರಿಯಬಾರದು. ಗುಳಿ ತುಂಬಿಸಿ, ಬೆರಳಲ್ಲಿ ಅರ್ಧ ಸೆಂಟಿಮೀಟರ್ ಒತ್ತಿ, ಒಂದೊಂದೇ ಬೀಜ ಹಾಕಿ ಮುಚ್ಚಿ. ಆಮೇಲೆ ಎಂಟು–ಹತ್ತು ಟ್ರೇ ಒಂದರ ಮೇಲೊಂದು ಜೋಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ. ಚಳಿ ರಾತ್ರಿಯಲ್ಲೂ ಒಳಗೆ ಬೆಚ್ಚಗಿರುತ್ತದೆ.

ಟ್ರೇ ಇಳಿಸುವುದು ಯಾವಾಗ ಅನ್ನುವುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಟೊಮೆಟೊ ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ, ಮೆಣಸಿನಕಾಯಿ ವಾರ ದಾಟಿಸುತ್ತದೆ. ಮೂರನೇ ದಿನದಿಂದ ಬೆಳಗ್ಗೆ, ಸಂಜೆ ಹಾಳೆ ಎತ್ತಿ ನೋಡಿ. ಕೋಕೋಪೀಟ್ ಸಣ್ಣಗೆ ಬಿರಿದು, ಬಿಳಿ ಕತ್ತು ಬಾಗಿಸಿಕೊಂಡು ಸಸಿ ಮೇಲೆ ಬರುತ್ತದೆ. ಎಲೆ ಇನ್ನೂ ಬೀಜದ ಸಿಪ್ಪೆಯೊಳಗೇ ಸಿಕ್ಕಿಕೊಂಡಿರುತ್ತದೆ. ಟ್ರೇಗೆ ಅಂಥ ಹತ್ತು ಕತ್ತು ಕಂಡರೆ ಆಗಲೇ ಇಳಿಸಿ ಬೆಳಕಿಗೆ ಹರಡಿ. ಎಲ್ಲ ಮೊಳೆಯಲಿ ಅಂತ ಇನ್ನೊಂದು ರಾತ್ರಿ ಬಿಟ್ಟರೆ ಕತ್ತಲಲ್ಲಿ ಕತ್ತು ಉದ್ದ ಎಳೆದು, ಮಾರನೇ ದಿನ ನೀರು ಹಾಕಿದ ಕೂಡಲೇ ಮಲಗುತ್ತವೆ. ಆಮೇಲೆ ಏನೇ ಉಪಚಾರ ಮಾಡಿದರೂ ಅವು ಗಟ್ಟಿಯಾಗುವುದಿಲ್ಲ.

ಈ ಕಾಲದಲ್ಲಿ ಸಸಿಗೆ ಬೆಳಗ್ಗೆಯೇ ನೀರು. ಸಂಜೆ ಹಾಕಿದರೆ ರಾತ್ರಿಯಿಡೀ ತಣ್ಣಗೆ ಒದ್ದೆಯಿದ್ದು ಬುಡ ಕೊಳೆಯುತ್ತದೆ. ಟ್ರೇ ಎತ್ತಿ ತೂಕ ನೋಡಿ, ಹಗುರ ಅನ್ನಿಸಿದರೆ ಮಾತ್ರ ಹಾಕಿ. ಕೋಕೋಪೀಟ್‌ನಲ್ಲಿ ಸಸಿಗೆ ತಿನ್ನಲು ಹೆಚ್ಚೇನೂ ಇಲ್ಲ. ಬಿತ್ತಿ 12 ದಿನ ಆದ ಮೇಲೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ ಇರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ 3 ಗ್ರಾಂ ಕರಗಿಸಿ ಕೊಡಿ.

ಟೊಮೆಟೊ ಸಸಿಗೆ 40 ಅಥವಾ 50 ಮೆಶ್ಶಿನ (ಇಂಚಿಗೆ ಅಷ್ಟು ಕಣ್ಣಿರುವ) ನೈಲಾನ್ ಪರದೆ ಕಡ್ಡಾಯ. ಬಿಸಿಲು ಏರಿದಂತೆ ಬಿಳಿನೊಣ ಹೆಚ್ಚುತ್ತದೆ, ಎಲೆಮುರುಟು ರೋಗದ ವೈರಸ್ ತರುವುದು ಅದೇ. ಸಸಿಯಲ್ಲೇ ಅಂಟಿದರೆ ಕೊಂಡವರ ಹೊಲವೂ ಹಾಳು, ನಿಮ್ಮ ಹೆಸರೂ ಹಾಳು.

ಟೊಮೆಟೊ ಸುಮಾರು 25 ದಿನಕ್ಕೆ, ಬದನೆ ತಿಂಗಳಿಗೆ, ಮೆಣಸಿನಕಾಯಿ 35–40 ದಿನಕ್ಕೆ ನಾಟಿಗೆ ಬರುತ್ತದೆ. ಕೊನೆಯ ವಾರ ನೀರು ಕಡಿಮೆ ಮಾಡಿ, ನೆರಳು ತೆಗೆದು, ಪರದೆಯೊಳಗೇ ಬಿಸಿಲಿಗೆ ಒಗ್ಗಿಸಿ. ಮೆಲ್ಲಗೆ ಎಳೆದರೆ ಬೇರಿನ ಉಂಡೆ ಪೂರ್ತಿ ಬಂದರೆ ಮಾರಬಹುದು.

ಹುಳ, ರೋಗ

ರಾತ್ರಿ ಚಳಿ, ಹಗಲು ಒಣಹವೆ ಇದ್ದರೆ ಮೆಂತ್ಯ, ಕೊತ್ತಂಬರಿಗೆ ಬೂದಿರೋಗ ಬರುತ್ತದೆ. ಔಷಧಿ ಹುಡುಕುವುದಕ್ಕಿಂತ ಆ ಪಾತಿಯನ್ನು ನಾಲ್ಕು ದಿನ ಮೊದಲೇ ಕಿತ್ತು ಮಾರಿ. ಸಸ್ಯಹೇನು, ಬಿಳಿನೊಣಕ್ಕೆ ಹಳದಿ ಅಂಟು ಹಾಳೆ ಕಟ್ಟಿ. ಇಪ್ಪತ್ತೈದು ದಿನದಲ್ಲಿ ಸಾರಿಗೆ ಬೀಳುವ ಸೊಪ್ಪಿಗೆ ವಿಷ ಹೊಡೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಕೊಯ್ಲು, ಆಮೇಲೆ

ಕೆ.ಆರ್. ಮಾರುಕಟ್ಟೆಗೆ ಹಾಕುವವರು ಸಂಜೆ ಕೀಳಬೇಕು, ಅಲ್ಲಿ ವ್ಯಾಪಾರ ಬೆಳಕು ಹರಿಯುವ ಮುಂಚೆಯೇ ಶುರು. ಅಪಾರ್ಟ್‌ಮೆಂಟ್ ಗಿರಾಕಿಗಳಿಗಾದರೆ ಬೆಳಗ್ಗೆ ಕಿತ್ತರೆ ಸಾಕು. ಕಟ್ಟು ಸಡಿಲವಾಗಿರಲಿ, ನೆರಳಲ್ಲಿಟ್ಟು ಒದ್ದೆ ಗೋಣಿ ಹೊದಿಸಿ. ಬಿಗಿದು ಪೇರಿಸಿಟ್ಟರೆ ನಡುವಿನ ಸೊಪ್ಪು ಬೆಂದುಹೋಗುತ್ತದೆ.

ಶಿವರಾತ್ರಿ ಹೊತ್ತಿಗೆ ಪಾಲಕ್, ಕೊತ್ತಂಬರಿ ಕಡ್ಡಿ ಎತ್ತಿ ಹೂವಿಗೆ ಹೋಗಲು ನೋಡುತ್ತವೆ. ಅಲ್ಲಿಂದ ಮುಂದೆ ಇವೆರಡನ್ನು ನೆರಳುಪರದೆ ಕೆಳಗೆ ಅಥವಾ ನುಗ್ಗೆ ಸಾಲಿನ ನೆರಳಲ್ಲಿ ಒಂದೆರಡು ಪಾತಿ ಮಾತ್ರ ಇಟ್ಟುಕೊಳ್ಳಿ. ಉಳಿದ ಪಾತಿಗೆಲ್ಲ ದಂಟು, ಕೀರೆ ಚೆಲ್ಲಿ.