ಬಸವನಗುಡಿ ಸುತ್ತಮುತ್ತ ಫೋಟೊ: ಜಾಗಕ್ಕಿಂತ ಮೊದಲು ಹೊತ್ತು ನೋಡಿ

ಲಾಲ್‌ಬಾಗ್ ಬಂಡೆಯ ಫೋಟೊ ತೆಗೆಯಬೇಕು ಅಂದರೆ ಬೆಳಿಗ್ಗೆಯೇ ಹೋಗಿ. ಜಾಸ್ತಿ ಜನ ಸಂಜೆ ಹತ್ತಿ, ಮೇಲಿನ ಕೆಂಪೇಗೌಡರ ಗೋಪುರವನ್ನೂ ಮುಳುಗುವ ಸೂರ್ಯನನ್ನೂ ಹಿಡಿದು ಇಳಿದುಬಿಡುತ್ತಾರೆ. ಕಾಲಡಿಯ ಬಂಡೆಯ ಕಡೆ ಕಣ್ಣೇ ಹೋಗುವುದಿಲ್ಲ. ಅದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಭೂವಿಜ್ಞಾನಿಗಳು ಈ ಜಾತಿಯ ಪಟ್ಟೆ ಕಲ್ಲನ್ನು ನೈಸ್ (gneiss) ಎನ್ನುತ್ತಾರೆ. ಕುಕ್ಕರಗಾಲಲ್ಲಿ ಕೂತು ನೋಡಿ. ಬಿಳಿ, ಬೂದು, ಕಪ್ಪು ಪಟ್ಟೆಗಳು ಮಡಚಿಕೊಂಡು, ತಿರುಚಿಕೊಂಡು ಹೋಗಿರುತ್ತವೆ. ನೆತ್ತಿಯ ಬಿಸಿಲಲ್ಲಿ ಅವು ಮಂಕಾಗುತ್ತವೆ. ಬೆಳಿಗ್ಗೆ ಏಳರ ಓರೆ ಬಿಸಿಲು ಬಿದ್ದಾಗ ಒಂದೊಂದು ಉಬ್ಬಿಗೂ ನೆರಳು ಹುಟ್ಟುತ್ತದೆ, ಕಲ್ಲಿನ ಮೈ ಕಾಣುತ್ತದೆ.

ರಾತ್ರಿ ಮಳೆ ಬಂದಿದ್ದರೆ ಇನ್ನೂ ಚೆನ್ನ. ಒದ್ದೆ ಕಲ್ಲಿನ ಮೇಲೆ ಪಟ್ಟೆಗಳು ಎದ್ದು ಕಾಣುತ್ತವೆ. ತಗ್ಗುಗಳಲ್ಲಿ ನೀರು ನಿಂತಿರುತ್ತದೆ. ಫೋನನ್ನು ತಲೆಕೆಳಗು ಮಾಡಿ, ಲೆನ್ಸ್ ನೀರಿಗೆ ತಾಕುವಷ್ಟು ಹತ್ತಿರ ಹಿಡಿಯಿರಿ. ಅಂಗೈಯಗಲದ ನೀರಿದ್ದರೂ ಆಕಾಶವೆಲ್ಲ ಅದರೊಳಗೆ ಬರುತ್ತದೆ. ಬಂಡೆ ಜಾರುತ್ತದೆ, ಹಿಡಿತ ಇರುವ ಶೂ ಹಾಕಿಕೊಂಡು ಹೋಗಿ.

ಮನೆ ಹತ್ತಿರವೇ ಫೋಟೊ ತೆಗೆಯುವವರಿಗೆ ಇರುವ ದೊಡ್ಡ ಲಾಭ ಇದೇ. ಊರು ನೋಡಲು ಬಂದವರಿಗೆ ಸಿಕ್ಕಿದ್ದೇ ಹೊತ್ತು. ನಮಗೆ ಹಾಗಲ್ಲ, ಕಾಯಬಹುದು, ಮತ್ತೆ ಬರಬಹುದು. ಹಾಲು ತರಲು ಹೋದಾಗ, ಮಗುವನ್ನು ಸ್ಕೂಲಿಗೆ ಬಿಟ್ಟು ಬರುವಾಗ, ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ ಎಂದು ಸುಮ್ನೆ ಗಮನಿಸಿ, ಫೋನಲ್ಲೇ ಬರೆದಿಟ್ಟುಕೊಳ್ಳಿ. ತಿಂಗಳನ್ನೂ ಬರೆಯಿರಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಉತ್ತರಕ್ಕೆ ಮುಖ ಮಾಡಿದ ಗೋಡೆ ದಿನವಿಡೀ ನೆರಳಲ್ಲೇ ಇರುತ್ತದೆ. ಜೂನ್‌ನಲ್ಲಿ ಅದೇ ಗೋಡೆಗೆ ಬೆಳಿಗ್ಗೆಯೂ ಸಂಜೆಯೂ ಒಳ್ಳೆ ಬಿಸಿಲು.

ಹೊತ್ತಿನ ವಿಷಯ ಬಂದಾಗ ಗವಿಗಂಗಾಧರೇಶ್ವರನ ಗುಡಿ ಬಿಡಲಾಗುತ್ತದೆಯೇ? ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಆ ದಿನ ಕಾಲಿಡಲೂ ಜಾಗ ಇರುವುದಿಲ್ಲ. ಫೋನು ಜೇಬಲ್ಲೇ ಇರಲಿ, ಕೈಮುಗಿದು ಕಣ್ತುಂಬ ನೋಡಿ ಬನ್ನಿ. ಫೋಟೊಗೆ ಬೇರೆ ದಿನ ಹೋಗಿ, ಅಂಗಳದಲ್ಲೇ ನಿಲ್ಲಿ. ಅಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಎರಡು ಕಲ್ಲಿನ ಕಂಬಗಳಿವೆ, ತುದಿಯಲ್ಲಿ ದೊಡ್ಡ ದುಂಡನೆಯ ಕಲ್ಲು. ನಿಂತು ತೆಗೆದರೆ ಹಿಂದಿನ ಕಟ್ಟಡ, ವೈರು ಎಲ್ಲ ಫ್ರೇಮಿಗೆ ಬರುತ್ತವೆ. ಮಂಡಿಯೂರಿ ಫೋನನ್ನು ಮೇಲಕ್ಕೆ ತಿರುಗಿಸಿ. ಕಲ್ಲಿನ ಹಿಂದೆ ಬರೀ ಆಕಾಶ ಉಳಿಯುವ ತನಕ ಅತ್ತಿತ್ತ ಸರಿದು ನೋಡಿ.

ಎತ್ತರದ ಗೋಪುರಗಳಿಗೆ ಫೋನಿನ 0.5 ಲೆನ್ಸ್, ಅಂದರೆ ತುಂಬ ಅಗಲಕ್ಕೆ ಹಿಡಿಯುವ ಲೆನ್ಸ್, ಬೇಡ. ಹತ್ತಿರ ನಿಂತು ಅದರಲ್ಲಿ ತೆಗೆದರೆ ಗೋಪುರ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ರಸ್ತೆಯ ಆಚೆ ಬದಿಗೆ ಹೋಗಿ 2ಎಕ್ಸ್‌ನಲ್ಲಿ ತೆಗೆಯಿರಿ. ಆಕಾಶ ಬೆಳ್ಳಗಾದರೆ, ಪರದೆಯ ಮೇಲೆ ಆಕಾಶವನ್ನು ಮುಟ್ಟಿ ಬೆರಳನ್ನು ಕೆಳಕ್ಕೆ ಎಳೆಯಿರಿ, ಬೆಳಕು ತಗ್ಗುತ್ತದೆ. ಲೆನ್ಸ್ ಒರೆಸುವುದು ಮರೆಯಬೇಡಿ. ದೇವಸ್ಥಾನದ ಒಳಗಾದರೆ ಅರ್ಚಕರನ್ನು ಕೇಳಿ, ಬೇಡ ಅಂದರೆ ಅಲ್ಲಿಗೆ ಬಿಡಿ.

ಇನ್ನು ನನ್ನ ಅತಿ ಇಷ್ಟದ ಹೊತ್ತು, ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೆಯ ಸೋಮವಾರ ಪರಿಷೆ. ರೈತರು ಅದಕ್ಕೂ ಮೊದಲೇ ಬಂದು ಬುಲ್ ಟೆಂಪಲ್ ರಸ್ತೆಯ ಬದಿಯಲ್ಲಿ ರಾಶಿ ಹಾಕಿರುತ್ತಾರೆ. ಸೋಮವಾರದ ನೂಕುನುಗ್ಗಲಿನಲ್ಲಿ ಕೈ ಎತ್ತುವುದೂ ಕಷ್ಟ, ಅದಕ್ಕೆ ಶನಿವಾರವೇ ಹೋಗಿ. ಆ ಕಾಲದಲ್ಲಿ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ. ಆಮೇಲೆ ಒಂದು ಇಪ್ಪತ್ತು ನಿಮಿಷ ಆಕಾಶ ಗಾಢ ನೀಲಿ, ರಾಶಿಗಳ ಮೇಲೆ ಬಲ್ಬಿನ ಹಳದಿ. ಈ ಎರಡೂ ಒಟ್ಟಿಗಿರುವುದು ಅಷ್ಟೇ ಹೊತ್ತು. ಫ್ಲ್ಯಾಶ್ ಹಾಕಿದರೆ ಎರಡೂ ಹೋಯಿತು. ಮೊಣಕೈ ಮೈಗೆ ಒತ್ತಿ, ಉಸಿರು ಹಿಡಿದು ತೆಗೆಯಿರಿ.

ರಾಶಿಯ ಹಿಂದೆ ಕೂತವರ ಮುಖ ಬೇಕೆಂದರೆ ಮೊದಲು ಒಂದು ಸೇರು ಕೊಳ್ಳಿ. ಯಾವ ಊರು, ಬೆಳೆ ಹೇಗಿತ್ತು, ಮಾತಾಡಿಸಿ. ಆಮೇಲೆ ಕೇಳಿ, ‘ಅಮ್ಮಾ, ಒಂದು ಫೋಟೊ ತೆಗೆಯಲಾ?’ ತೆಗೆದ ಮೇಲೆ ತೋರಿಸಿ. ಬೇಕು ಅಂದರೆ ಅವರ ನಂಬರಿಗೆ ಅಲ್ಲೇ ಕಳಿಸಿಬಿಡಿ. ಮನೆಗೆ ಹೋಗಿ ಕಳಿಸೋಣ ಅಂದರೆ ಮರೆತೇಹೋಗುತ್ತದೆ.