ಬಂಡೆ ಹತ್ತೋರು ಯಾರು?

ಹೊಸನಗರ ತಾಲ್ಲೂಕಿನ ಗುಡ್ಡದ ಊರೊಂದರಲ್ಲಿ ನಾನು ಆಶಾ ಕಾರ್ಯಕರ್ತೆ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಂದ್ರೆ ತೋಟ ಇಳಿದು, ಕಾಲುಸಂಕ ದಾಟಿ, ಮತ್ತೆ ಗುಡ್ಡ ಹತ್ತಬೇಕು. ಹಾಗಾಗಿ ಎಲ್ಲರ ಮನೆಗೂ ಮೊಬೈಲ್ ಬಂದಾಗ ಊರಿನಲ್ಲಿ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವಳು ನಾನೇ ಇರಬೇಕು. ಇನ್ನು ನಡಿಗೆ ಅರ್ಧ ಕಡಿಮೆಯಾಯಿತು ಅಂದುಕೊಂಡಿದ್ದೆ.

ಬಸುರಿಯರಿಗೆ ತಾಯಿ ಕಾರ್ಡ್ ಮಾಡಿಸುವಾಗ "ನಂಬರ್ ಹೇಳಿ" ಅಂದರೆ ಹೆಚ್ಚಿನ ಹೆಂಗಸರು ಹೇಳುವುದು ಗಂಡನ ನಂಬರು. ನಾನೂ ಸುಮ್ನೆ ಬರೆದುಕೊಂಡು ಬರುತ್ತಿದ್ದೆ. ಅದರಲ್ಲಿ ಏನು ತಪ್ಪು ಅಂತ ಗೊತ್ತಾಗಿದ್ದು ಒಂದು ಆಷಾಢದಲ್ಲಿ.

ಚೊಚ್ಚಲ ಹೆರಿಗೆ ಅಂದರೆ ತವರಲ್ಲೇ, ಅಲ್ವಾ? ಆ ಹುಡುಗಿಯೂ ಸೀಮಂತ ಮುಗಿಸಿ ತೀರ್ಥಹಳ್ಳಿ ಕಡೆಯ ಗಂಡನ ಮನೆಯಿಂದ ನಮ್ಮೂರಿಗೆ ಬಂದಿದ್ದಳು. ಗಂಡ ಬೆಂಗಳೂರಿನಲ್ಲಿ. 9ನೇ ತಾರೀಖಿನ ತಪಾಸಣೆಗೆ ಬನ್ನಿ ಅನ್ನೋ ಮೆಸೇಜು ಹೋಗಿದ್ದು ಅವನ ಫೋನಿಗೆ. ಬ್ಯಾಂಕಿನದೋ ಏನೋ ಅಂತ ಅವನು ತೆಗೆದೂ ನೋಡಿರಲಿಲ್ಲ. ಅಲ್ಲಿನ ಆಶಾ 'ತವರಿಗೆ ಹೋಗಿದ್ದಾಳೆ' ಅಂತ ಬರೆದುಕೊಂಡಳು. ಇಲ್ಲಿ ನನಗೆ ಅವಳು ಬಂದದ್ದೇ ಗೊತ್ತಿಲ್ಲ. ಕೊನೆಗೆ ಸುದ್ದಿ ಸಿಕ್ಕಿದ್ದು ಹಾಲಿನ ಡೈರಿಯಲ್ಲಿ, ಅವಳ ಅಮ್ಮನ ಬಾಯಿಂದ.

"ಮಗಳಿಗೆ ಎರಡು ದಿನದಿಂದ ತಲೆನೋವು ಮಾರಾಯ್ತಿ. ಕಾಲೂ ಊದಿದೆ. ಬಸುರಿಗೆ ಅದೆಲ್ಲ ಇದ್ದದ್ದೇ ಬಿಡು."

ನಾನು ಹಾಲು ಅಲ್ಲೇ ಬಿಟ್ಟು, ಸಿಸ್ಟರಿಗೆ ಫೋನ್ ಹಚ್ಚಿದೆ. ಅವರು ಬಂದು ಬಿ.ಪಿ. ನೋಡಿದರೆ 160–110. ಬಸುರಿಗೆ 140–90 ಮುಟ್ಟಿದರೇ ನಾವು ಎಚ್ಚರಾಗುತ್ತೇವೆ. ಕಣ್ಣು ಮಂಜಾಗುತ್ತಿದೆ ಅಂತ ಬೇರೆ ಅಂದಳು. ಯಾವಾಗ ಬೇಕಾದರೂ ಫಿಟ್ಸ್ ಬರಬಹುದಿತ್ತು.

108 ಗಾಡಿ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಆದರೆ ಕರೆಯಬೇಕಲ್ಲ! ಆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಿಂದಿನ ಬೇಣದ ಬಂಡೆ ಹತ್ತಿದರೆ ಎರಡು ಕಡ್ಡಿ ಬರುತ್ತದೆ. ಹುಡುಗಿಯ ತಮ್ಮ ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಮಳೆಯಲ್ಲೇ ಓಡಿದ. ಕರೆ ಮಾಡಿದ, ಗಾಡಿ ಬರುತ್ತದೆ ಅಂತ ಖುಷಿಯಲ್ಲಿ ಇಳಿದು ಬಂದು ಜಗಲಿಯಲ್ಲಿ ಕೂತ. ನಾವೂ ಕೂತೆವು. ಅರ್ಧ ಗಂಟೆ ಕಳೆದ ಮೇಲೆ ನನಗೆ ಹೊಳೆಯಿತು. ದಾರಿ ಕೇಳಲು ಡ್ರೈವರ್ ವಾಪಸ್ ಕರೆ ಮಾಡುವುದು ಅದೇ ನಂಬರಿಗೆ. ಆ ನಂಬರು ಈಗ ಜಗಲಿಯಲ್ಲಿ ಸತ್ತು ಬಿದ್ದಿದೆ! ಅವನನ್ನು ಮತ್ತೆ ಬಂಡೆಗೆ ಅಟ್ಟಿದೆ. ಗಾಡಿ ಕವಲುದಾರಿಯಲ್ಲಿ ನಿಂತು ಕಾಯುತ್ತಾ ಇತ್ತಂತೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮುಟ್ಟಿಸಿದೆವು. ತಾಯಿ, ಮಗು ಇಬ್ಬರೂ ಉಳಿದರು. ಮಗ ಈಗ ಶಾಲೆಗೆ ಹೋಗುತ್ತಾನೆ, ಮಹಾ ತರಲೆ.

ಆಮೇಲಿಂದ ತಾಯಿ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಮೂರು ನಂಬರು ಬರೆಯುತ್ತೇನೆ. ಗಂಡನದ್ದು, ಹಗಲು ಮನೆಯಲ್ಲೇ ಇರುವ ಹೆಂಗಸಿನದ್ದು, ಹತ್ತಿರದಲ್ಲಿ ನೆಟ್‌ವರ್ಕ್ ಸಿಗುವ ಮನೆಯದ್ದು. ಪೆನ್ಸಿಲ್ ಯಾಕೆ ಅಂದರೆ ನಮ್ಮ ಗಂಡಸರು ಅಂಗಿ ಬದಲಾಯಿಸಿದ ಹಾಗೆ ಸಿಮ್ ಬದಲಾಯಿಸುತ್ತಾರೆ. ಏಳನೇ ತಿಂಗಳಲ್ಲಿ ಪ್ರತಿ ಮನೆಯಲ್ಲೂ ಕೇಳುತ್ತೇನೆ: "ನಿಮ್ಮನೇಲಿ ಬಂಡೆ ಹತ್ತೋರು ಯಾರು?" ನಗುತ್ತಾರೆ. ನಗಲಿ. ಗಾಡಿ ಅಂಗಳಕ್ಕೆ ಬರುವವರೆಗೆ ಆ ಮನುಷ್ಯ ಬಂಡೆ ಬಿಟ್ಟು ಇಳಿಯಬಾರದು ಅಂತ ಹೇಳಿಯೇ ಬರುತ್ತೇನೆ. ತವರಿಗೆ ಹೊರಟವಳಿದ್ದರೆ ಆ ಊರಿನ ಆಶಾಗೆ ನಾನೇ ಫೋನ್ ಮಾಡುತ್ತೇನೆ. ಎರಡು ನಿಮಿಷದ ಮಾತು, ಮೊದಲು ಯಾಕೆ ಹೊಳೆಯಲಿಲ್ಲವೋ.

ತರಬೇತಿಯಲ್ಲಿ ಹೊರಗಿನ ವಿಷಯವನ್ನೂ ಹೇಳುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ 2014ರಲ್ಲಿ ಮಾಮ್‌ಕನೆಕ್ಟ್ ಅಂತ ಬಂತು, ಬಸುರಿಯರ ಮೊಬೈಲಿಗೇ ಮೆಸೇಜು. ನಮ್ಮ ದೇಶದಲ್ಲಿ 2016ರಲ್ಲಿ ಕಿಲ್ಕಾರಿ ಶುರುವಾಯಿತು. ಅದರಲ್ಲಿ ವಾರಕ್ಕೊಂದು ಕರೆ ಬರುತ್ತದೆ, ಮಗುವಿಗೆ ವರ್ಷ ತುಂಬುವವರೆಗೆ. ಓದಲು ಬಾರದವರಿಗೆ ದನಿಯೇ ಸರಿ, ನನಗೆ ಇದು ಇಷ್ಟವಾಯಿತು. ಆದರೆ ಆ ಕರೆಯೂ ಬರೆಸಿದ ನಂಬರಿಗೇ ಹೋಗೋದು. ಫೋನು ಅಡಿಕೆ ಕೊನೆ ಕೊಯ್ಯುವವನ ಕಿಸೆಯಲ್ಲಿದ್ದರೆ ಮರದ ತುದಿಯಲ್ಲಿ ಕೂತು ಅವನು ಕೇಳಬೇಕಷ್ಟೇ.

ಈಗ ಹುಡುಗಿಯರ ಕೈಯಲ್ಲೇ ಫೋನಿದೆ. ಸಲೀಸಾಯಿತು ಅಂದರೆ ಇನ್ನೊಂದು ತಕರಾರು. ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದರಂತೆ 180 ದಿನ ನುಂಗಬೇಕು. ಮಗು ಕಪ್ಪಾಗುತ್ತದೆ ಅಂತ ಯಾರೋ ಹೇಳಿರುತ್ತಾರೆ. "ಮಾತ್ರೆ ತಗೊಂಡ್ಯಾ?" ಅಂದರೆ ಫೋನಿನಲ್ಲಿ ಎಲ್ಲರೂ "ಹೂಂ ಅಕ್ಕ". ಮನೆಗೆ ಹೋಗಿ ನೋಡಿದರೆ ಶೀಟು ಹಾಗೇ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿರುತ್ತದೆ. ಅದಕ್ಕೇ ಪ್ರಶ್ನೆ ಬದಲಾಯಿಸಿದೆ. "ಎಷ್ಟು ಉಳಿದಿದೆ, ಎಣಿಸಿ ಹೇಳು" ಅನ್ನುತ್ತೇನೆ.

ಮೊನ್ನೆ ಒಬ್ಬಳು ಎಣಿಸೋಕೆ ಹೋದವಳು ತುಂಬಾ ಹೊತ್ತು ಬರಲೇ ಇಲ್ಲ. ಆಮೇಲೆ ಮೆಲ್ಲಗೆ "ಮೂವತ್ತು ಅಕ್ಕ" ಅಂದಳು. ನಾನು ಕೊಟ್ಟು ಬಂದಿದ್ದೂ ಮೂವತ್ತೇ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.