ಎತ್ತರದ ಕಾಲಂ, ಬಿಸಿ ಪೈಪು: ನಾನು ಸಪೋರ್ಟ್ ಕೊಟ್ಟ ಬಗೆ

ಪೈಪಿಂಗ್ ಸ್ಟ್ರೆಸ್ ಲೆಕ್ಕಕ್ಕೆ ಕೂತವರು ಸಾಮಾನ್ಯವಾಗಿ ಪೈಪು ಎಷ್ಟು ಹಿಗ್ಗುತ್ತದೆ ಅಂತ ಮೊದಲು ನೋಡುತ್ತಾರೆ. ಎತ್ತರದ ಕಾಲಂ (ದ್ರವವನ್ನು ಕುದಿಸಿ ಬೇರ್ಪಡಿಸುವ ಗೋಪುರದಂಥ ಪಾತ್ರೆ) ಪಕ್ಕದಲ್ಲಿ ಇಳಿಯುವ ಲೈನಾದರೆ ನಾನು ಮೊದಲು ಕಾಲಂ ಎಷ್ಟು ಬೆಳೆಯುತ್ತದೆ ಅಂತ ನೋಡುತ್ತೇನೆ. ಸಪೋರ್ಟು ಇರುವುದೇ ಅದರ ಮೈಮೇಲೆ. ಅದು ಎದ್ದರೆ ಸಪೋರ್ಟೂ ಏಳುತ್ತದೆ.

ಗುಜರಾತಿನ ದಹೇಜ್‌ ಕಡೆಯ ಒಂದು ಕಾರ್ಖಾನೆಗೆ ಮಾಡಿದ ಓವರ್‌ಹೆಡ್ ಲೈನನ್ನೇ ತೆಗೆದುಕೊಳ್ಳಿ. ಡಿಸ್ಟಿಲೇಶನ್ ಕಾಲಂ, ಸುಮಾರು 40 ಮೀಟರ್ ಎತ್ತರ. ತಳದಲ್ಲಿ 180 ಡಿಗ್ರಿ ಸೆಲ್ಸಿಯಸ್, ತುದಿಯಲ್ಲಿ 110. ಆವಿ ತುದಿಯಿಂದ ಹೊರಟು, ಕಾಲಂಗೆ ಒತ್ತಿಕೊಂಡೇ ಇಳಿದು, ಕೆಳಗೆ ಎಲ್ಬೋದಲ್ಲಿ ತಿರುಗಿ ಕಂಡೆನ್ಸರ್ ಕಡೆ ಹೋಗುತ್ತದೆ. ಕಾರ್ಬನ್ ಸ್ಟೀಲ್ ಪ್ರತಿ 100 ಡಿಗ್ರಿಗೆ ಮೀಟರಿಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಕಾಲಂನ ಸರಾಸರಿ 145 ಡಿಗ್ರಿ ಹಿಡಿದು, ತಣ್ಣಗಿದ್ದಾಗಿನ ಸುಮಾರು 30 ಡಿಗ್ರಿ ಕಳೆದರೆ, ಪೈಪಿನ ಭಾರ ಹೊರಲು ತುದಿಯ ಹತ್ತಿರ ಕೊಟ್ಟ ಬ್ರ್ಯಾಕೆಟ್ 50 ಮಿ.ಮೀ.ಗಿಂತ ಸ್ವಲ್ಪ ಹೆಚ್ಚೇ ಮೇಲೇಳುತ್ತದೆ. ಅಲ್ಲಿಂದ 36 ಮೀಟರ್ ಇಳಿಯುವ, 110 ಡಿಗ್ರಿಯ ಪೈಪು ಕೆಳಕ್ಕೆ ಬೆಳೆಯುವುದು ಸುಮಾರು 35 ಮಿ.ಮೀ. ಅಂದರೆ ಬಿಸಿಯಾದಾಗ ಎಲ್ಬೋ ಕೆಳಗಿಳಿಯುವುದಿಲ್ಲ, 18 ಮಿ.ಮೀ.ಯಷ್ಟು ಮೇಲೇಳುತ್ತದೆ! ಅಲ್ಲಿ ಗಟ್ಟಿ ಸಪೋರ್ಟ್ ಕೊಟ್ಟರೆ ಪೈಪು ಅದನ್ನು ಬಿಟ್ಟು ಎದ್ದುಬಿಡುತ್ತದೆ, ಆ ಭಾರವೆಲ್ಲ ಮೇಲಿನ ಬ್ರ್ಯಾಕೆಟ್ ಮತ್ತು ನಾಝಲ್ (ಪೈಪು ಕಾಲಂಗೆ ಸೇರುವ ಬಾಯಿ) ಪಾಲಿಗೆ. ಸ್ಟೀಮ್‌ಔಟ್ (ಒಳಗೆಲ್ಲ ಹಬೆ ಹಾಯಿಸಿ ಶುಚಿಗೊಳಿಸುವುದು) ಮಾಡುವಾಗ ಮಾತ್ರ ಕಾಲಂ, ಪೈಪು ಎರಡೂ ಒಂದೇ ಬಿಸಿಗೆ ಬರುವುದರಿಂದ ಎಲ್ಬೋ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಾಗಾಗಿ ಎರಡು ಸ್ಥಿತಿಗೂ ಹೊಂದುವ ಸ್ಪ್ರಿಂಗ್ ಸಪೋರ್ಟ್ ಹಾಕಿ, ಭಾರದ ಏರಿಳಿತ 25 ಪ್ರತಿಶತ ಮೀರದಂತೆ ನೋಡಿಕೊಂಡೆ.

ಪೂರ್ತಿ ಭಾರ ಹೊರುವ ಬ್ರ್ಯಾಕೆಟ್ ನಾಝಲ್‌ಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ನಡುವೆ ಹಿಗ್ಗುವಿಕೆಯ ವ್ಯತ್ಯಾಸ ಹೆಚ್ಚು ಉಳಿಯುವುದಿಲ್ಲ. ಆ ಬ್ರ್ಯಾಕೆಟ್ಟಿನ ಲೆಕ್ಕಕ್ಕೆ ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ನೀರಿನ ಭಾರವನ್ನೂ ಸೇರಿಸಲೇಬೇಕು. ಕೆಳಗಿನವೆಲ್ಲ ಗೈಡುಗಳು. ಗಾಳಿಗೆ ಪೈಪು ಪಕ್ಕಕ್ಕೆ ಹೋಗದಂತೆ ಹಿಡಿಯುತ್ತವೆ, ಮೇಲೆ ಕೆಳಗೆ ಬಿಡುತ್ತವೆ. ಗ್ಯಾಪ್ 2-3 ಮಿ.ಮೀ. ಸಾಕು. ಕಡೆಯ ಗೈಡನ್ನು ಎಲ್ಬೋಗೆ ತೀರಾ ಹತ್ತಿರ ಇಡಬಾರದು. ಅಡ್ಡ ಪೈಪಿನ ಹಿಗ್ಗುವಿಕೆಯನ್ನು ನುಂಗಲು ಇಳಿಯುವ ಪೈಪಿಗೆ ಒಂದಷ್ಟು ಉದ್ದ ಬೇಕು.

ನಾನು ಜಗಳ ಮಾಡಿಯಾದರೂ ಪಡೆಯುವುದು ಒಂದೇ: ಕಾಲಂ ಡ್ರಾಯಿಂಗ್ ಅಂತಿಮವಾಗುವ ಮೊದಲೇ ಕ್ಲೀಟುಗಳ (ಬ್ರ್ಯಾಕೆಟ್, ಗೈಡು ಕೂರಿಸಲು ಕಾಲಂಗೆ ವೆಲ್ಡ್ ಮಾಡುವ ತುಂಡುಗಳು) ಎತ್ತರ, ದಿಕ್ಕು, ಭಾರ ವೆಸೆಲ್ ವಿಭಾಗಕ್ಕೆ ತಲುಪಿರಬೇಕು. ವೆಲ್ಡಿಂಗ್ ನಂತರದ ಹೀಟ್ ಟ್ರೀಟ್‌ಮೆಂಟ್ ಆಗಿಹೋದ ಕಾಲಂಗೆ ಸೈಟಿನಲ್ಲಿ ಹೊಸ ಕ್ಲೀಟ್ ವೆಲ್ಡ್ ಮಾಡುವುದು ಆಡಿದಷ್ಟು ಸುಲಭವಲ್ಲ.

ಸೈಟಿನಲ್ಲಿ ನನ್ನ ಕಣ್ಣು ಸ್ಪ್ರಿಂಗ್ ಅಲುಗದಂತೆ ಹಿಡಿಯುವ ಲಾಕ್ ಪಿನ್ ಮೇಲೆ. ಹೈಡ್ರೋಟೆಸ್ಟ್ ಮುಗಿಯುವ ತನಕ ಅದು ಒಳಗಿರಬೇಕು, ಕಾಲಂ ಬಿಸಿ ಮಾಡುವ ಮೊದಲು ಹೊರಗೆ ಬಂದಿರಬೇಕು. ಪಿನ್ ಒಳಗಿದ್ದರೆ ಸ್ಪ್ರಿಂಗ್ ಬರೀ ಕಬ್ಬಿಣದ ಡಬ್ಬ. ಪಿನ್ ತೆಗೆದ ಮೇಲೆ ಸ್ಪ್ರಿಂಗಿನ ಪಟ್ಟಿಯ ಮೇಲೆ ಸೂಚಿ ಎಲ್ಲಿದೆ ಅಂತ ಬರೆದುಕೊಂಡೆ, ಪ್ಲಾಂಟ್ ಬಿಸಿಯಾದ ಮೇಲೆ ಮತ್ತೆ ನೋಡಿದೆ. ಲೆಕ್ಕದ ಹತ್ತಿರವೇ ನಿಂತಿತ್ತು. ಶಟ್‌ಡೌನ್‌ನಲ್ಲಿ ಸೂಚಿ ತಣ್ಣಗಿನ ಗುರುತಿಗೆ ವಾಪಸು ಬರದಿದ್ದರೆ ಮೊದಲು ಗೈಡುಗಳ ಗ್ಯಾಪ್ ನೋಡಿ. ಇನ್ಸುಲೇಶನ್ ಮೇಲಿನ ತಗಡು ಅಲ್ಲಿ ಸಿಕ್ಕಿಕೊಂಡು ಪೈಪನ್ನು ಹಿಡಿದಿಟ್ಟಿರಬಹುದು.